ಓದುವ ಹುಡುಗರಿಗೆ ಯಾಕೆ ಹೆಸರಿಡುತ್ತಾರೆ?

ಬಳ್ಳಾರಿ, ರಾಯಚೂರು, ಕೊಪ್ಪಳದ ಪಿಯು ಮಕ್ಕಳ ಬಾಯಲ್ಲಿ ‘ನರ್ಡ್’ ಅನ್ನುವ ಮಾತು ಈಗ ಸಲೀಸಾಗಿ ಬರುತ್ತದೆ. ಸಂಜೆ ಕ್ರಿಕೆಟ್‌ಗೆ ಬರದೆ ಲೈಬ್ರರಿಗೆ ಹೋದವನು ನರ್ಡ್. ಪಾಠ ಮುಗಿದ ಮೇಲೂ ಫಿಸಿಕ್ಸ್ ಸರ್ ಹಿಂದೆ ಹೋಗಿ ಇನ್ನೊಂದು ಪ್ರಶ್ನೆ ಕೇಳುವವಳು ನರ್ಡ್. ಅದೇ ವಯಸ್ಸಿನ ಇನ್ನೊಬ್ಬ ಇನ್‌ಸ್ಟಾಗ್ರಾಂನಲ್ಲಿ ತನ್ನ ಹೆಸರಿನ ಕೆಳಗೆ ತಾನೇ ‘ಕೋಡಿಂಗ್ ನರ್ಡ್’ ಅಂತ ಬರೆದುಕೊಂಡಿರುತ್ತಾನೆ. ಒಬ್ಬಳು ಆ ಮಾತಿಗೆ ಹೆದರಿ ಕ್ಲಾಸಿನಲ್ಲಿ ಕೈ ಎತ್ತುವುದನ್ನೇ ಬಿಡುತ್ತಾಳೆ. ಇನ್ನೊಬ್ಬ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ಓಡಾಡುತ್ತಾನೆ.

ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಯಾರು ಪ್ರಶ್ನೆ ಕೇಳುತ್ತಾರೆ, ಯಾರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ ಅನ್ನುವುದನ್ನು ಎಷ್ಟೋ ಸಲ ಈ ಹಣೆಪಟ್ಟಿಯೇ ತೀರ್ಮಾನ ಮಾಡುತ್ತದೆ. ಹಾಗಾಗಿ ಇದು ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ, ಯಾರಿಗೆ ಮಾತ್ರ ಹೊಗಳಿಕೆಯಾಯಿತು ಅಂತ ಸ್ವಲ್ಪ ಬಿಡಿಸಿ ನೋಡೋಣ.

ಮಾತು ಹುಟ್ಟಿದ್ದು ಅಮೆರಿಕದಲ್ಲಿ. 1950ರಲ್ಲಿ ಬಂದ ಡಾ. ಸ್ಯೂಸ್ ಅವರ ಮಕ್ಕಳ ಪುಸ್ತಕವೊಂದರಲ್ಲಿ, ಮೃಗಾಲಯಕ್ಕೆ ಹಿಡಿದು ತರುವ ಒಂದು ವಿಚಿತ್ರ ಪ್ರಾಣಿಯ ಹೆಸರಾಗಿ ಅದು ಅಚ್ಚಾಯಿತು. ಮರುವರ್ಷವೇ ‘ನ್ಯೂಸ್‌ವೀಕ್’ ಪತ್ರಿಕೆ, ಡೆಟ್ರಾಯಿಟ್ ಊರಿನ ಹುಡುಗರು ಸಪ್ಪೆ ಮನುಷ್ಯನನ್ನು, ಕಾಲಕ್ಕೆ ತಕ್ಕ ಹಾಗೆ ಇರಲು ಬಾರದವನನ್ನು ಹೀಗೆ ಕರೆಯುತ್ತಾರೆ ಅಂತ ಬರೆಯಿತು. ಅಲ್ಲಿ ಓದಿನ ಮಾತೇ ಇಲ್ಲ, ಬುದ್ಧಿವಂತಿಕೆಯ ಮಾತೂ ಇಲ್ಲ. ನಾಲ್ಕು ಜನರ ಜೊತೆ ಬೆರೆಯಲಾರದವನು, ಅಷ್ಟೇ. ಕನ್ನಡಕ, ಪುಸ್ತಕ, ಕಂಪ್ಯೂಟರ್ ಎಲ್ಲ ಆಮೇಲೆ ಬಂದು ಸೇರಿಕೊಂಡವು.

ಓದುವವನೇ ಯಾಕೆ ಸಿಕ್ಕಿಬಿದ್ದ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್. 1950ರ ದಶಕದ ಕೊನೆಯಲ್ಲಿ ಅವರು ಇಲಿನಾಯ್ ರಾಜ್ಯದ ಹತ್ತು ಹೈಸ್ಕೂಲುಗಳಲ್ಲಿ ಮಕ್ಕಳನ್ನು ಮಾತಾಡಿಸಿದರು. ಶಾಲೆ ನಿನ್ನನ್ನು ಯಾವ ಥರ ನೆನಪಿಟ್ಟುಕೊಳ್ಳಬೇಕು ಅಂತ ಕೇಳಿದಾಗ ಹುಡುಗರು ಎಲ್ಲಕ್ಕಿಂತ ಜಾಸ್ತಿ ಆರಿಸಿಕೊಂಡಿದ್ದು ಆಟಗಾರನಾಗಿ ಅನ್ನುವುದನ್ನು, ಜಾಣ ವಿದ್ಯಾರ್ಥಿಯಾಗಿ ಅನ್ನುವುದನ್ನಲ್ಲ. ಕಾರಣವನ್ನೂ ಕೋಲ್ಮನ್ ಹೇಳಿದರು. ಆಟಗಾರ ಗೆದ್ದರೆ ಇಡೀ ಶಾಲೆ ಗೆಲ್ಲುತ್ತದೆ. ಒಬ್ಬ ಹುಡುಗ ಜಾಸ್ತಿ ಮಾರ್ಕ್ಸ್ ತೆಗೆದರೆ ಅವನ ಪಕ್ಕದವರೆಲ್ಲ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಾರೆ. ಅವನನ್ನು ಚುಡಾಯಿಸುವುದು ಕ್ಲಾಸಿನ ಮಟ್ಟಿಗೆ ಒಂದು ಥರದ ರಕ್ಷಣೆ. ನೀನು ಇಷ್ಟು ಓದಬೇಡ, ನಮಗೆಲ್ಲ ಕಷ್ಟ ಆಗುತ್ತೆ ಅನ್ನುವುದನ್ನು ನೇರವಾಗಿ ಹೇಳಲಾಗದೆ ಹೆಸರಿಟ್ಟು ಹೇಳುವುದು.

ಇದನ್ನು ಅರ್ಥ ಮಾಡಿಕೊಳ್ಳಲು ಇಲಿನಾಯ್‌ಗೆ ಹೋಗಬೇಕಿಲ್ಲ. ನಮ್ಮ ಯಾವುದೇ ಸರ್ಕಾರಿ ಹೈಸ್ಕೂಲಿನಲ್ಲಿ ನೋಡಿ. ಕಬಡ್ಡಿ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದು ಬಂದರೆ ಇಡೀ ಶಾಲೆಗೆ ಹಬ್ಬ. ಅದೇ ಒಬ್ಬ ಹುಡುಗ ಗಣಿತದಲ್ಲಿ ನೂರಕ್ಕೆ ನೂರು ತೆಗೆದರೆ ಆ ಸಂಜೆ ಉಳಿದವರ ಮನೆಯಲ್ಲಿ ಬೈಗುಳ. ‘ಅವನೂ ಅದೇ ಅನ್ನ ಉಣ್ತಾನ, ನಿನಗೇನಾಗೇದ?’ ಅಂತ ಅಪ್ಪ ಕೇಳುತ್ತಾನೆ. ಮೇಲಿಂದ ಶಾಲೆಯಲ್ಲಿ ಆ ಹುಡುಗನೇ ಕ್ಲಾಸ್ ಲೀಡರ್. ಸರ್ ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ ಅವನದೇ. ಬರೆದರೆ ಗೆಳೆಯರಿಗೆ ಏಟು, ಬರೆಯದಿದ್ದರೆ ಅವನಿಗೆ ಏಟು. ಸೀಮೆಸುಣ್ಣ ಕೈಯಲ್ಲಿ ಹಿಡಿದು ಯಾರ ಹೆಸರು ಬರೆಯಲಿ, ಯಾರದನ್ನು ಬಿಡಲಿ ಅಂತ ನಿಂತಿರುವ ಹನ್ನೆರಡು ವರ್ಷದ ಹುಡುಗನ ಮುಖ ನೋಡಿದ್ದೀರಾ? ಬೋರ್ಡಿನ ಎಡಗಡೆ ಮೊದಲು ತೀರಾ ಗಲಾಟೆ ಮಾಡುವ ಒಬ್ಬನ ಹೆಸರು ಬರುತ್ತದೆ. ಆಮೇಲೆ ಇನ್ನೊಂದು. ಹಿಂದಿನ ಬೆಂಚಿನಿಂದ ಯಾರೋ ‘ಬರಿ ಬರಿ, ಹೊರಗ ಸಿಗ್ತಿಯಲ್ಲ’ ಅಂದಾಗ ಒಂದು ಹೆಸರು ಅಂಗೈಯಲ್ಲಿ ಅಳಿಸಿಹೋಗುತ್ತದೆ. ಓದುವ ಹುಡುಗನಿಗೂ ಉಳಿದವರಿಗೂ ನಡುವೆ ದೂರ ಹುಟ್ಟುವುದು ಅವನ ಸ್ವಭಾವದಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಅರ್ಧಕ್ಕಿಂತ ಜಾಸ್ತಿ ಅದನ್ನು ಹುಟ್ಟಿಸುವವರು ನಾವು, ಪಾಠ ಮಾಡುವವರು.

ಕನ್ನಡಕ, ಬಡಕಲು ಮೈ, ಒಂಟಿತನ

ಈ ಹಣೆಪಟ್ಟಿಯ ಜೊತೆ ಒಂದು ಸಿದ್ಧ ಚಿತ್ರವೂ ಬರುತ್ತದೆ. ದಪ್ಪ ಕನ್ನಡಕ, ಬಡಕಲು ಮೈ, ಗೆಳೆಯರಿಲ್ಲದ ಬಾಳು. ಇದರಲ್ಲಿ ಎಷ್ಟು ನಿಜ?

ಕನ್ನಡಕದ ವಿಷಯದಲ್ಲಿ ಕಣ್ಣಿನ ತಜ್ಞರು ಒಂದು ಚಂದದ ಹೋಲಿಕೆ ಮಾಡಿದ್ದಾರೆ. 2008ರಲ್ಲಿ ಪ್ರಕಟವಾದ ಅಧ್ಯಯನ ಅದು. ಸಿಡ್ನಿಯಲ್ಲಿ ಬೆಳೆಯುವ ಚೀನಾ ಮೂಲದ ಮಕ್ಕಳನ್ನೂ ಸಿಂಗಪುರದಲ್ಲಿ ಬೆಳೆಯುವ ಚೀನಾ ಮೂಲದ ಮಕ್ಕಳನ್ನೂ ಪರೀಕ್ಷೆ ಮಾಡಿದರು. ಎಲ್ಲರೂ ಆರೇಳು ವರ್ಷದವರು. ಸಿಂಗಪುರದಲ್ಲಿ ನೂರಕ್ಕೆ 29 ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ಇತ್ತು. ಸಿಡ್ನಿಯಲ್ಲಿ ಇದ್ದದ್ದು ನೂರಕ್ಕೆ ಸುಮಾರು 3 ಮಕ್ಕಳಿಗೆ. ಹೆಚ್ಚು ಪುಸ್ತಕ ಓದುತ್ತಿದ್ದವರು ಯಾರು ಗೊತ್ತಾ? ಸಿಡ್ನಿಯ ಮಕ್ಕಳೇ. ವ್ಯತ್ಯಾಸ ಇದ್ದದ್ದು ಬಿಸಿಲಿನಲ್ಲಿ. ಸಿಡ್ನಿಯ ಮಕ್ಕಳು ವಾರಕ್ಕೆ 13 ಗಂಟೆಗಿಂತ ಜಾಸ್ತಿ ಹೊರಗೆ ಇರುತ್ತಿದ್ದರು, ಸಿಂಗಪುರದವರು ಸುಮಾರು 3 ಗಂಟೆ. ಹಗಲಿನ ಬೆಳಕಿನಲ್ಲಿ ಕಳೆಯುವ ಹೊತ್ತು ಕಣ್ಣನ್ನು ಕಾಪಾಡುತ್ತದೆ ಅನ್ನುವುದನ್ನು ಆಮೇಲೆ ಬೇರೆ ಅಧ್ಯಯನಗಳೂ ತೋರಿಸಿವೆ. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ. ಆದರೂ ಟ್ಯೂಷನ್ನಿಂದ ಟ್ಯೂಷನ್ನಿಗೆ ಓಡುವ ಮಕ್ಕಳಿಗೆ ಅದು ಸಿಗುತ್ತಿಲ್ಲ.

ಬಡಕಲು ಮೈ ಅನ್ನುವುದಂತೂ ಬಹಳ ಹಿಂದೆಯೇ ಸುಳ್ಳಾಗಿದೆ. 1921ರಲ್ಲಿ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದಲ್ಲಿ ತುಂಬ ಜಾಣ ಮಕ್ಕಳನ್ನು ಆರಿಸಿ ಹತ್ತಾರು ವರ್ಷ ಹಿಂಬಾಲಿಸುವ ಕೆಲಸ ಶುರುಮಾಡಿದರು. ಆ ಮಕ್ಕಳು ಸರಾಸರಿಗಿಂತ ಎತ್ತರ ಇದ್ದರು, ಆರೋಗ್ಯವೂ ಚೆನ್ನಾಗಿತ್ತು. ಹೆಚ್ಚಿನವರು ಅನುಕೂಲಸ್ಥ ಬಿಳಿಯರ ಮನೆಯವರು ಅನ್ನುವುದನ್ನು ಮರೆಯಬಾರದು. ಉಂಡು ಬೆಳೆದ ಮಕ್ಕಳು ಗಟ್ಟಿಮುಟ್ಟಾಗಿರುವುದು ಆಶ್ಚರ್ಯವಲ್ಲ. ಆದರೆ ಜಾಣತನಕ್ಕೂ ಬಡಕಲು ಮೈಗೂ ಸಂಬಂಧವಿಲ್ಲ ಅನ್ನುವಷ್ಟು ಮಾತು ಅದರಿಂದ ಸ್ಪಷ್ಟ.

ಒಂಟಿತನದ ಮಾತು ಇನ್ನೂ ಸೂಕ್ಷ್ಮ. ಮನಶ್ಶಾಸ್ತ್ರಜ್ಞೆ ಸೂಸನ್ ಫಿಸ್ಕ್ ಮತ್ತು ಅವರ ಜೊತೆಗಾರರು 2002ರಲ್ಲಿ ಮಂಡಿಸಿದ ಒಂದು ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಬೇರೆ ಗುಂಪಿನ ಜನರನ್ನು ನೋಡಿದಾಗ ನಮ್ಮ ಮನಸ್ಸು ಎರಡು ಲೆಕ್ಕ ಹಾಕುತ್ತದಂತೆ. ಇವರ ಕೈಲಿ ಏನಾಗುತ್ತದೆ ಅನ್ನುವುದು ಒಂದು, ಇವರು ನಮ್ಮ ಬಗ್ಗೆ ಪ್ರೀತಿ ಇರುವವರಾ ಅನ್ನುವುದು ಇನ್ನೊಂದು. ಎಷ್ಟೋ ಗುಂಪುಗಳಿಗೆ ಒಂದರಲ್ಲಿ ಹೆಚ್ಚು ಅಂಕ ಕೊಟ್ಟ ಜನ ಇನ್ನೊಂದರಲ್ಲಿ ಕಡಿಮೆ ಕೊಡುತ್ತಾರೆ. ‘ಬುದ್ಧಿವಂತ, ಆದರೆ ಮನುಷ್ಯತ್ವ ಕಡಿಮೆ’ ಅನ್ನುವ ಮಾತು ಹಾಗೇ ಹುಟ್ಟುವುದು. ಮಾತು ಕಡಿಮೆ ಆಡುವ ಹುಡುಗ ಚೆನ್ನಾಗಿ ಓದುತ್ತಿದ್ದರೆ ಅವನಿಗೆ ಸೊಕ್ಕು ಅನ್ನುತ್ತಾರೆ. ಅದೇ ಹುಡುಗ ಫೇಲಾಗಿದ್ದರೆ ‘ಪಾಪ, ಭಾಳ ಸಾದಾ ಮನುಷ್ಯ’ ಅನ್ನುತ್ತಿದ್ದರು.

ಹಣೆಪಟ್ಟಿಗೆ ತಕ್ಕ ಜನ

ಈ ಚಿತ್ರ ಸುಳ್ಳಾಗಿದ್ದರೂ ಜನ ಅದನ್ನು ನಿಜ ಮಾಡಿಬಿಡಬಲ್ಲರು. ಕಂಪ್ಯೂಟರ್ ಲೋಕದಲ್ಲಿ ಆಗಿದ್ದು ಅದೇ.

1940ರ ದಶಕದಲ್ಲಿ ಅಮೆರಿಕದ ಎನಿಯಾಕ್ ಎಂಬ ಕಂಪ್ಯೂಟರ್ ಯಂತ್ರಕ್ಕೆ ಮೊದಲು ಪ್ರೋಗ್ರಾಂ ಮಾಡಿದವರು ಆರು ಜನ ಹೆಂಗಸರು. 1960ರ ದಶಕದಲ್ಲಿ ವಿಲಿಯಂ ಕ್ಯಾನನ್ ಮತ್ತು ಡಾಲಿಸ್ ಪೆರ್ರಿ ಎಂಬ ಮನಶ್ಶಾಸ್ತ್ರಜ್ಞರು 1,378 ಪ್ರೋಗ್ರಾಮರ್‌ಗಳನ್ನು ಪರೀಕ್ಷಿಸಿದರು. ಇವರಿಗೆ ಒಗಟು ಬಿಡಿಸುವುದು ಇಷ್ಟ, ಜನರ ಜೊತೆ ಒಡನಾಡುವುದು ಇಷ್ಟವಿಲ್ಲ ಅಂತ ಬರೆದರು. ಕಂಪನಿಗಳು ಆ ಅಳತೆಗೋಲನ್ನು ಹಿಡಿದು ಕೆಲಸಕ್ಕೆ ಜನರನ್ನು ಆರಿಸತೊಡಗಿದವು. ಮಾತು ಬಾರದವರನ್ನೇ ಹುಡುಕಿ ತೆಗೆದುಕೊಂಡರೆ ಕೊನೆಗೆ ಆ ಕಚೇರಿಯಲ್ಲಿ ಉಳಿಯುವವರು ಯಾರು? ಆಮೇಲೆ 1980ರ ದಶಕದಲ್ಲಿ ಮನೆಗೆ ಬಂದ ಕಂಪ್ಯೂಟರುಗಳನ್ನು ಗಂಡುಹುಡುಗರ ಆಟದ ಸಾಮಾನಿನ ಥರ ಮಾರಿದರು. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಹೆಣ್ಣುಮಕ್ಕಳು 1984ರ ಹೊತ್ತಿಗೆ ಶೇ 37ರಷ್ಟು ಇದ್ದರು. ಆಮೇಲೆ ಆ ಪಾಲು ಇಳಿಯುತ್ತಲೇ ಹೋಗಿ ಅರ್ಧಕ್ಕೆ ಬಂತು.

ಸಪ್ನಾ ಚೆರಿಯನ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಕಂಪ್ಯೂಟರ್ ಸೈನ್ಸ್ ಕಟ್ಟಡದ ಒಂದು ಕೋಣೆಯಲ್ಲಿ ವಿಡಿಯೋ ಗೇಮು, ಅಂತರಿಕ್ಷದ ಧಾರಾವಾಹಿಯ ಪೋಸ್ಟರು ಇಟ್ಟರು. ಇನ್ನೊಂದು ಸಲ ಅವನ್ನೆಲ್ಲ ತೆಗೆದು ನಿಸರ್ಗದ ಚಿತ್ರ, ನೀರಿನ ಬಾಟಲಿ ಇಟ್ಟರು. ಪಾಠದ ಒಂದು ಅಕ್ಷರವೂ ಬದಲಾಗಲಿಲ್ಲ. ಮೊದಲಿನ ಕೋಣೆಯಲ್ಲಿ ಕೂತ ಹುಡುಗಿಯರಿಗೆ ಈ ವಿಷಯ ಬೇಡ ಅನ್ನಿಸಿತು. ಎರಡನೆಯ ಕೋಣೆಯಲ್ಲಿ ಆಸಕ್ತಿ ಹೆಚ್ಚಿತು. ಅವರನ್ನು ತಡೆದದ್ದು ಗಣಿತವಲ್ಲ. ‘ಇಲ್ಲಿರುವವರು ನನ್ನಂಥವರಲ್ಲ’ ಅನ್ನುವ ಭಾವನೆ.

ನಮ್ಮ ದೇಶದ ಕಥೆಯೇ ಬೇರೆ. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ರೋಲಿ ವರ್ಮಾ ಇಲ್ಲಿನ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿಯರನ್ನು ಮಾತಾಡಿಸಿದಾಗ, ಇದು ಗಂಡಸರ ವಿಷಯ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ನೆರಳಲ್ಲಿ ಕೂತು ಮಾಡುವ ಕೆಲಸ, ಒಳ್ಳೆ ಸಂಬಳ, ಮನೆಯವರಿಗೂ ಸಮಾಧಾನ. ರಾಯಚೂರಿನ ಅಪ್ಪ ಅಮ್ಮ ಕೂಡ ಮಗಳಿಗೆ ಸಿವಿಲ್ ಬೇಡ, ‘ಸಿಎಸ್ ತಗೋಳವ್ವಾ’ ಅನ್ನುತ್ತಾರೆ ಅಲ್ವಾ? ಒಂದು ದೇಶದಲ್ಲಿ ಹುಡುಗಿಯರಿಗೆ ಆಗಿಬರದ್ದು ಅನ್ನಿಸಿಕೊಂಡ ಕಸುಬು ಇನ್ನೊಂದರಲ್ಲಿ ಹುಡುಗಿಯರಿಗೇ ಸರಿ ಅನ್ನಿಸಿಕೊಂಡಿದೆ. ಹುಟ್ಟುಗುಣ ಆಗಿದ್ದರೆ ಊರು ಬದಲಾದಂತೆ ಅದು ಬದಲಾಗುತ್ತಿರಲಿಲ್ಲ.

ನಮ್ಮಲ್ಲಿ ಇದ್ದ ಬೇರೆ ಕಾರಣ

ಓದುವವರನ್ನು ಚುಡಾಯಿಸುವ ಚಾಳಿಯನ್ನು ನಾವು ಅಮೆರಿಕದಿಂದ ತಂದದ್ದಲ್ಲ. ಪುಸ್ತಕದ ಬದನೆಕಾಯಿ ಸಾಂಬಾರಿಗೆ ಬರುವುದಿಲ್ಲ ಅಂತ ನಮ್ಮ ಹಿರಿಯರು ಯಾವತ್ತೋ ಹೇಳಿದ್ದಾರೆ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಅಂದಿದ್ದಾರೆ. ಓದಿ ಓದಿ ಮರುಳಾದ ಕೂಚಂಭಟ್ಟನನ್ನು ನೋಡಿ ನಕ್ಕಿದ್ದಾರೆ. ಆದರೆ ಇಲ್ಲಿನ ಚುಡಾಯಿಸುವಿಕೆಯ ಬೇರು ಆಟದ ಮೈದಾನದಲ್ಲಿಲ್ಲ, ಹೊಲದಲ್ಲಿದೆ. ಬಿತ್ತನೆಯ ಹೊತ್ತಿಗೆ ಒಂದು ಆಳಿನ ಕೂಲಿ ಉಳಿಸಬಹುದಾದ ಮಗ ಪುಸ್ತಕ ಹಿಡಿದು ಕೂತರೆ ಮನೆಗೆ ಅದು ಖರ್ಚು. ಓದು ಮುಗಿಸಿದವನು ಊರಲ್ಲಿ ನಿಲ್ಲುವುದಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತು. ‘ಭಾಳ ಶಾಣ್ಯಾ ಆಗ್ಯಾನ’ ಅನ್ನುವ ಕುಹಕದ ಹಿಂದೆ, ಇವನು ನಮ್ಮನ್ನು ಬಿಟ್ಟು ಹೋಗುತ್ತಾನೆ ಅನ್ನುವ ನೋವೂ ಇರುತ್ತದೆ. ಅದನ್ನು ನಾನು ಸುಮ್ಮನೆ ತಳ್ಳಿಹಾಕಲಾರೆ.

ಹುಡುಗಿಯರ ವಿಷಯಕ್ಕೆ ಬಂದರೆ ಇದು ತಿರುವು ಪಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಹತ್ತನೇ ಕ್ಲಾಸು ಮುಗಿಯುತ್ತಿದ್ದಂತೆ ಮದುವೆ ಮಾತು ತರುವವರು ಇನ್ನೂ ಇದ್ದಾರೆ. ಅಂಥ ಹೊತ್ತಿನಲ್ಲಿ ‘ಹುಡುಗಿ ಭಾಳ ಚಲೋ ಓದತಾಳ, ಈಗ ಬ್ಯಾಡ ಬಿಡ್ರಿ’ ಅನ್ನುವುದು ಅಪ್ಪನ ಕೈಯಲ್ಲಿರುವ ಗಟ್ಟಿ ಉತ್ತರ. ಕ್ಲಾಸಿನಲ್ಲಿ ಅವಳಿಗೆ ಅವಮಾನ ಅನ್ನಿಸುವ ಹಣೆಪಟ್ಟಿಯೇ ಮನೆಯಲ್ಲಿ ಅವಳನ್ನು ಎರಡು ವರ್ಷ ಕಾಯುತ್ತದೆ. ಭಾಷಾತಜ್ಞೆ ಮೇರಿ ಬುಕೋಲ್ಟ್ಜ್ 1999ರಲ್ಲಿ ಕ್ಯಾಲಿಫೋರ್ನಿಯಾದ ಹೈಸ್ಕೂಲ್ ಹುಡುಗಿಯರ ಬಗ್ಗೆ ಬರೆದದ್ದು ಇದಕ್ಕೆ ಹತ್ತಿರ ಇದೆ. ಅಲ್ಲಿನ ಕೆಲವರು ತಾವೇ ಬೇಕೆಂದು ನರ್ಡ್ ಗುಂಪಿಗೆ ಸೇರಿದ್ದರು. ಚಂದ ಕಾಣಬೇಕು, ಹುಡುಗರಿಗೆ ಹಿಡಿಸಬೇಕು ಅನ್ನುವ ಒತ್ತಡದಿಂದ ಅಲ್ಲಿ ಬಿಡುಗಡೆ ಇತ್ತು. ಕಾರಣಗಳು ಬೇರೆ, ಆದರೆ ಎರಡೂ ಕಡೆ ಹುಡುಗಿಯರು ಅದನ್ನು ತಮಗೆ ಬೇಕಾದ ಹಾಗೆ ಬಳಸಿಕೊಂಡಿದ್ದಾರೆ.

ಈಗ ಹೊಗಳಿಕೆಯ ಮಾತು. 1957ರಲ್ಲಿ ಸೋವಿಯತ್ ದೇಶ ಸ್ಪುಟ್ನಿಕ್ ಉಪಗ್ರಹ ಹಾರಿಸಿದಾಗಲೇ ಅಮೆರಿಕದಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಬೆಲೆ ಬಂತು, ಮರುವರ್ಷ ಅದಕ್ಕೆಂದೇ ಕಾನೂನು ಮಾಡಿ ಹಣ ಕೊಟ್ಟರು. ಆದರೆ ಚುಡಾಯಿಸುವುದು ನಿಲ್ಲಲಿಲ್ಲ. ಮಾತಿನ ಬಣ್ಣ ಬದಲಾದದ್ದು 1975ರಲ್ಲಿ ಮೈಕ್ರೋಸಾಫ್ಟ್, 1976ರಲ್ಲಿ ಆಪಲ್ ಶುರುವಾಗಿ, ಅಂಥ ಹುಡುಗರು ಲೋಕದ ದೊಡ್ಡ ಶ್ರೀಮಂತರಾದ ಮೇಲೆ. ನಮ್ಮಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಸಂಬಳ ಆ ಕೆಲಸ ಮಾಡಿತು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಇನ್ನೊಂದು ಕಾರಣವೂ ಇದೆ. ಸಂವಿಧಾನದ 371(ಜೆ) ಕಲಂ 2013ರಲ್ಲಿ ಜಾರಿಗೆ ಬಂದ ಮೇಲೆ ಇಲ್ಲಿನವರಿಗೆ ಸೀಟು, ನೌಕರಿ ಎರಡರಲ್ಲೂ ಮೀಸಲಾತಿ ಸಿಕ್ಕಿತು. 2019ರಲ್ಲಿ ರಾಯಚೂರಿನ ಹೆಸರಲ್ಲಿ ಐಐಐಟಿಯೂ ಶುರುವಾಯಿತು. ಈಗ ನಮ್ಮ ಊರುಗಳ ಓದುವ ಕೋಣೆಗಳಲ್ಲಿ ಬೆಳಗ್ಗೆ ಜಾಗ ಹಿಡಿಯಬೇಕು. ಎಫ್‌ಡಿಎ, ಪಿಎಸ್‌ಐ, ಪಿಡಿಒ ಅಂತ ಓದುವ ಹುಡುಗರನ್ನು ನೋಡಿ ಯಾರೂ ನಗುವುದಿಲ್ಲ.

ಆದರೆ ಇಲ್ಲೇ ನನ್ನ ತಕರಾರು. ಗೌರವ ಬಂದಿದ್ದು ಸಂಬಳ ಕಾಣುವ ಓದಿಗೆ. ಕುತೂಹಲಕ್ಕೆ ಇನ್ನೂ ಬಂದಿಲ್ಲ. ಒಂದು ವಿಷಯದಲ್ಲಿ ಮುಳುಗಿಹೋಗುವವನನ್ನು ನರ್ಡ್ ಅನ್ನುವುದಾದರೆ, ನಮ್ಮಲ್ಲಿ ಆ ಹೆಸರು ಹೆಮ್ಮೆಯಾಗಿರುವುದು ಕೋಡಿಂಗ್ ಮಾಡುವವನಿಗೆ ಮಾತ್ರ.

ನನ್ನ ಕ್ಲಾಸಿನಲ್ಲಿ ಕುರುಗೋಡು ಕಡೆಯ ಒಬ್ಬ ಹುಡುಗಿ ಇದ್ದಳು. ಅವರದು ಮೆಣಸಿನಕಾಯಿ ಹೊಲ. 2021ರಲ್ಲಿ ಕಪ್ಪು ಥ್ರಿಪ್ಸ್ ಬಂದು ದಕ್ಷಿಣದ ಮೆಣಸಿನಕಾಯಿ ಬೆಳೆಗಾರರನ್ನು ಮುಳುಗಿಸಿತಲ್ಲ, ಆಗಿನಿಂದ ಅವಳಿಗೆ ಆ ಹುಳದ್ದೇ ಧ್ಯಾನ. ಆ ಹುಳ ಎಲೆಗಿಂತ ಜಾಸ್ತಿ ಹೂವಿನೊಳಗೆ ಅಡಗುತ್ತದೆ. ಅವಳು ನೋಟ್‌ಬುಕ್ಕಿನ ಗೆರೆಯಿಲ್ಲದ ಹಾಳೆಯನ್ನು ಗಿಡದ ಕೆಳಗೆ ಹಿಡಿದು, ಹೂವನ್ನು ಬೆರಳಿಂದ ಮೆಲ್ಲಗೆ ತಟ್ಟುತ್ತಿದ್ದಳು. ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು ಬಿದ್ದು ಹಾಳೆಯ ಮೇಲೆ ಓಡುತ್ತಿದ್ದವು. ಎಣಿಸಿ ಬರೆದುಕೊಳ್ಳುತ್ತಿದ್ದಳು. ಯಾವ ಸಾಲು, ಯಾವ ತಾರೀಕು, ಅಪ್ಪ ಯಾವ ಎಣ್ಣೆ ಹೊಡೆದ ಮೇಲೆ ಎಷ್ಟು ಉಳಿದವು. ನೀಲಿ ಅಂಟು ಹಾಳೆಗೆ ಥ್ರಿಪ್ಸ್ ಬರುತ್ತವೆ, ಹಳದಿಗೆ ಬಿಳಿನೊಣ ಬರುತ್ತವೆ ಅನ್ನುವುದನ್ನು ನನಗಿಂತ ಚೆನ್ನಾಗಿ ತಿಳಿದಿದ್ದಳು. ಕ್ಲಾಸಿನಲ್ಲಿ ಅವಳಿಗೆ ‘ಹುಳದ ಡಾಕ್ಟರ್’ ಅಂತ ಹೆಸರು ಬಿತ್ತು. ಅದೇ ಕ್ಲಾಸಿನಲ್ಲಿ ಫೋನಿನಲ್ಲಿ ಸಣ್ಣ ಆಪ್ ಮಾಡಿದ ಹುಡುಗನನ್ನು ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸಿದರು. ಇಬ್ಬರ ಕೆಲಸವೂ ನನಗೆ ಒಂದೇ ಥರ ಕಂಡಿತು: ಗಮನಿಸುವುದು, ಎಣಿಸುವುದು, ತಪ್ಪು ಹುಡುಕುವುದು. ‘ನೀಟ್ ಬರೀ, ಅದೆಲ್ಲ ಯಾಕಬೇಕು’ ಅಂತ ಅವಳ ಮನೆಯವರೂ ಅಂದರು.

ಅವಳು ಕೃಷಿಕರ ಮಕ್ಕಳ ಕೋಟಾದಲ್ಲಿ ಪ್ರಾಯೋಗಿಕ ಪರೀಕ್ಷೆ ಬರೆದು ಬಿಎಸ್ಸಿ ಕೃಷಿಗೆ ಸೇರಿದಳು. ಬೀಜ, ಬೆಳೆ, ಹುಳ, ಉಪಕರಣ ಗುರುತಿಸುವ ಪರೀಕ್ಷೆ ಅದು. ಹೊಲದಲ್ಲಿ ಕಲಿತದ್ದಕ್ಕೆ ಅಂಕ ಸಿಗುವ ಇಂಥ ಜಾಗ ನಮ್ಮ ವ್ಯವಸ್ಥೆಯಲ್ಲಿ ಕಡಿಮೆ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಇರುವ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ತಿರುಗುವಾಗ. ಚಿನ್ನದ ಲೆಕ್ಕಕ್ಕೆ ಸೇರದ ಗೀಚನ್ನೂ ನಿಂತು ನೋಡುವ ಕಣ್ಣು ಅವರಿಗೆ ಇತ್ತು. ಅಂಥ ಕಣ್ಣಿನ ಮಕ್ಕಳು ನಮ್ಮ ಕ್ಲಾಸುಗಳಲ್ಲಿ ಈಗಲೂ ಇದ್ದಾರೆ.

ಕೊನೆಗೆ, ಪಾಲಕರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ: ‘ನಮ್ಮ ಹುಡುಗ ಯಾರ ಕೂಡಾನೂ ಸೇರಂಗಿಲ್ರಿ, ಬರೀ ಓದತಾನ. ಏನರ ತೊಂದರೀ ಐತೇನ್ರಿ?’ ಒಬ್ಬನೇ ಇರುವುದು ಕಾಯಿಲೆಯಲ್ಲ. ಒಬ್ಬನೇ ಕೂತು ಖುಷಿಯಾಗಿರುವ ಮಗು ತನ್ನ ಇಷ್ಟದ ವಿಷಯ ತೆಗೆದರೆ ಸಾಕು, ಅರ್ಧ ಗಂಟೆ ಬಿಡದೆ ಮಾತಾಡುತ್ತದೆ. ಚಿಂತೆ ಮಾಡಬೇಕಾದ್ದು ಆ ಇಷ್ಟದ ವಿಷಯವೂ ಬೇಡವಾದಾಗ. ನಿದ್ದೆ ಕೆಟ್ಟಾಗ, ಊಟ ಬಿಟ್ಟಾಗ, ಕಾಲೇಜು ಅಂದರೆ ಹೊಟ್ಟೆನೋವು ಅಂತ ಮಲಗಿದಾಗ. ಆಗ ಚುಡಾಯಿಸುವಿಕೆ ಗಡಿ ದಾಟಿದೆಯಾ ಅಂತ ಮೊದಲು ಕೇಳಿ. ಮನಸ್ಸಿನ ತೊಂದರೆಗೆ ಡಾಕ್ಟರ ಹತ್ತಿರ ಹೋಗಲು ನಮ್ಮ ಭಾಗದವರು ನಾಚಿಕೊಳ್ಳಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ ಸಂಸ್ಥೆ ಮೊದಲು ನಡೆಸಿ ನೋಡಿದ್ದು 1985ರಿಂದ ಬಳ್ಳಾರಿ ಜಿಲ್ಲೆಯಲ್ಲೇ. ಅದನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಬೇರೆ ಜಿಲ್ಲೆಗಳಲ್ಲೂ ಶುರುಮಾಡಿದರು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಅಲ್ಲಿಗೆ ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿಯ ನಂಬರು 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.